ಆ ಚಿಮಣಿ ಅಲ್ಲೇ ಇರಲಿ

ಮುಂಬಯಿಯ ಶಿವಡಿಯ ಫ್ಲೆಮಿಂಗೊ ಚಿತ್ರ ಕೈಗೆ ಬಂದರೆ ನಾನು ಮೊದಲು ಹಕ್ಕಿ ನೋಡುವುದಿಲ್ಲ, ಹಕ್ಕಿಯ ಹಿಂದೆ ದಿಗಂತದಲ್ಲಿ ಏನಿದೆ ಎಂದು ನೋಡುತ್ತೇನೆ. ಶಿವಡಿ ಜೆಟ್ಟಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತವರಿಗೆ ಕೆಸರುಬಯಲಿನಾಚೆ ಟ್ರಾಂಬೆಯ ಗುಡ್ಡ ಕಾಣಬೇಕು, ಮಾಹುಲ್ ಕಡೆಯ ತೈಲ ಸಂಸ್ಕರಣಾಗಾರಗಳ ಚಿಮಣಿ, ಟ್ಯಾಂಕುಗಳು ಕಾಣಬೇಕು. 2024ರ ಜನವರಿ 12ರಂದು ಉದ್ಘಾಟನೆಯಾದ ಅಟಲ್ ಸೇತು ಸಮುದ್ರಕ್ಕಿಳಿಯುವುದೂ ಇಲ್ಲಿಂದಲೇ. ಹಾಗಾಗಿ ಅದರ ಕಂಬಗಳೂ ಯಾವುದಾದರೊಂದು ಮೂಲೆಯಿಂದ ಚೌಕಟ್ಟಿನೊಳಗೆ ಬಂದೇ ಬರುತ್ತವೆ. ಈಚೆಗೆ ನನಗೆ ಬರುವ ಚಿತ್ರಗಳಲ್ಲಿ ಇವು ಯಾವುವೂ ಇಲ್ಲ. ಗುಲಾಬಿ ಹಕ್ಕಿಗಳ ಸಾಲು, ತಿಳಿನೀರು, ಹೊಂಬಣ್ಣದ ಆಕಾಶ, ಅಷ್ಟೇ. ತೆಗೆದವರನ್ನು ಕೇಳಿದರೆ "ಬ್ಯಾಕ್‌ಗ್ರೌಂಡ್ ಸ್ವಲ್ಪ ಕ್ಲೀನ್ ಮಾಡಿದೆ ಸರ್, ಹಕ್ಕಿ ಮಾತ್ರ ಒರಿಜಿನಲ್ಲು" ಎನ್ನುತ್ತಾರೆ.

ಹಕ್ಕಿ ಒರಿಜಿನಲ್ಲೇ ಇರಬಹುದು. ಆದರೆ ಶಿವಡಿ ಎಲ್ಲಿ ಹೋಯಿತು?

ಈ ಕೆಸರಿಗೆ ಫ್ಲೆಮಿಂಗೊಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಿಂದ. ಅವು ಬರುವುದು ಇಲ್ಲಿನ ಪಾಚಿಗಾಗಿ. ಆ ಪಾಚಿ ಇಷ್ಟು ಹುಲುಸಾಗಿ ಬೆಳೆಯುವುದಕ್ಕೆ ನಗರ ಕೊಲ್ಲಿಗೆ ಬಿಡುವ ಕೊಳಚೆಯೂ ಒಂದು ಕಾರಣವೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಇದೇ ಕೊಲ್ಲಿಯ ಉತ್ತರ ಭಾಗ 2015ರಲ್ಲಿ ಠಾಣೆ ಕೊಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಶಿವಡಿಯ ಬಯಲು ಆ ಗಡಿಯ ಹೊರಗೇ ಉಳಿಯಿತು. ಚಿಮಣಿಯ ಕೆಳಗೆ, ಕೊಳಚೆಯ ಬಾಯಲ್ಲಿ, ಸೇತುವೆಯ ನೆರಳಲ್ಲಿ ಸಾವಿರಾರು ಹಕ್ಕಿಗಳು ತಲೆ ಬಗ್ಗಿಸಿ ಮೇಯುತ್ತಿರುವುದು ಈ ಜಾಗದ ಸೋಜಿಗ, ಈ ಜಾಗದ ಆತಂಕವೂ ಹೌದು. ಚಿಮಣಿ ಅಳಿಸಿದ ಕೂಡಲೇ ಎರಡೂ ಹೋಗುತ್ತವೆ. ಉಳಿಯುವ ಚಿತ್ರಕ್ಕೆ ಯಾವ ಊರಿನ ಹೆಸರು ಬರೆದರೂ ನಡೆದೀತು.

ಅಲ್ಲಿ ಚಿತ್ರ ತೆಗೆಯುವುದು ಸುಲಭವಲ್ಲವೆಂದು ಬಲ್ಲೆ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ಬಯಲಿನ ದೂರದ ಅಂಚಿನಲ್ಲಿರುತ್ತವೆ. ಉಬ್ಬರ ಏರುತ್ತ ಬಂದ ಹಾಗೆ ಮೇಯುವ ಜಾಗ ಕಿರಿದಾಗಿ ದಡದತ್ತ ಸರಿಯುತ್ತವೆ. ಉಬ್ಬರವಿಳಿತದ ಪಟ್ಟಿ ನೋಡಿ, ನೀರು ಏರುವ ಹೊತ್ತೂ ಬೆಳಗಿನ ಎಳೆಬಿಸಿಲೂ ಒಂದೇ ಗಂಟೆಗೆ ಕೂಡಿ ಬರುವ ದಿನವನ್ನು ಹುಡುಕಿಕೊಂಡು ಹೋಗಬೇಕು. ಅಂಥ ದಿನಗಳು ತಿಂಗಳಿಗೆ ಕೆಲವೇ ಸಿಗುತ್ತವೆ. ಸಿಕ್ಕ ದಿನ ಮಬ್ಬು ಕವಿದಿರುತ್ತದೆ. ಇಷ್ಟೆಲ್ಲ ಕಷ್ಟಪಟ್ಟವರು ಕೊನೆಗೆ ಫೋನಿನಲ್ಲಿ ಬೆರಳಾಡಿಸಿ ಆ ಜಾಗವನ್ನೇ ಒರೆಸಿಹಾಕುತ್ತಾರಲ್ಲ, ಸಂಕಟವಾಗುವುದು ಅದಕ್ಕೆ.

ಈ ಮಾತೆತ್ತಿದರೆ ಎದುರಿನಿಂದ ಬರುವ ವಾದ ನನಗೆ ಬಾಯಿಪಾಠವಾಗಿದೆ. "ಅನ್ಸೆಲ್ ಆಡಮ್ಸ್ ಡಾರ್ಕ್‌ರೂಮಿನಲ್ಲಿ ಮಾಡುತ್ತಿದ್ದದ್ದು ಮತ್ತೇನು?" ಹಾಗಾದರೆ ಅಮೆರಿಕದ ಆ ನಿಸರ್ಗ ಛಾಯಾಗ್ರಾಹಕ ಆಡಮ್ಸ್‌ನ ವಿಷಯವನ್ನೇ ಸರಿಯಾಗಿ ನೋಡೋಣ. 1941ರ ನವೆಂಬರ್ 1ರ ಸಂಜೆ, ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿ. ಇಗರ್ಜಿಯ ಪಕ್ಕದ ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು, ಮೇಲೆ ಏರುತ್ತಿರುವ ಚಂದ್ರ. ಗಾಡಿ ನಿಲ್ಲಿಸಿ ದೊಡ್ಡ ಕ್ಯಾಮೆರಾ ಹೂಡಿದಾಗ ಬೆಳಕು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟೆಂಬ ಲೆಕ್ಕ ಅವನಿಗೆ ಗೊತ್ತಿತ್ತು. ಆ ಒಂದು ಅಂಕಿಯನ್ನು ನಂಬಿ ಎಕ್ಸ್‌ಪೋಷರ್ ಗುಣಿಸಿ ಒಂದು ನೆಗೆಟಿವ್ ತೆಗೆದ. ಎರಡನೆಯದಕ್ಕೆ ಸಿದ್ಧನಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು. ಮುಂದೆ ದಶಕಗಟ್ಟಲೆ ಆ ನೆಗೆಟಿವಿನಿಂದ ಪ್ರಿಂಟು ಹಾಕುತ್ತ ಆಕಾಶವನ್ನು ಗಾಢ ಮಾಡುತ್ತ ಹೋದ. ಮೊದಲ ಪ್ರಿಂಟುಗಳಲ್ಲಿ ಮೋಡದ ಎಳೆಗಳಿದ್ದ ಕಡೆ ಕೊನೆಯವುಗಳಲ್ಲಿ ಬಹುಪಾಲು ಕಪ್ಪೇ ಕಪ್ಪು. ಇದು ದೊಡ್ಡ ಬದಲಾವಣೆ, ಒಪ್ಪುತ್ತೇನೆ. ಆದರೆ ಚಂದ್ರ ಅಲ್ಲಿದ್ದ, ಶಿಲುಬೆ ಅಲ್ಲಿತ್ತು, ಬಿಸಿಲೂ ಅಲ್ಲಿ ಬಿದ್ದಿತ್ತು. ನೆಗೆಟಿವಿಗೆ ಬಂದ ಬೆಳಕನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂದು ನಿರ್ಧರಿಸಿದವನು ಅವನು. ಬರದೇ ಇದ್ದ ಬೆಳಕನ್ನು ತಂದು ಸೇರಿಸಲಿಲ್ಲ.

ಇನ್ನೊಂದು ಚಂದ್ರನ ಕತೆ 2023ರದು. ದುಬಾರಿ ಸ್ಯಾಮ್‌ಸಂಗ್ ಫೋನುಗಳು ಚಂದ್ರನ ಕುಳಿಗಳನ್ನೂ ಸ್ಪಷ್ಟವಾಗಿ ತೆಗೆಯುತ್ತವೆಂದು ಹೆಸರಾಗಿತ್ತು. ಒಬ್ಬ ಬಳಕೆದಾರ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಪೂರ್ತಿ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ಕತ್ತಲ ಕೋಣೆಯಲ್ಲಿ ಆ ಫೋನಿನಿಂದ ತೆಗೆದ. ಪರದೆಯಲ್ಲಿ ಇಲ್ಲವೇ ಇಲ್ಲದ ವಿವರಗಳು ಫೋನಿನ ಚಿತ್ರದಲ್ಲಿ ಮೂಡಿದವು. ಚಂದ್ರ ಹೇಗಿರುತ್ತಾನೆಂದು ಯಂತ್ರಕ್ಕೆ ಮೊದಲೇ ಕಲಿಸಿಟ್ಟಿದ್ದರು. ಅದು ಕಂಡದ್ದನ್ನು ಬಿಟ್ಟು ಕಲಿತದ್ದನ್ನು ಒಪ್ಪಿಸಿತು. ಚಂದ್ರನ ಒಂದೇ ಮುಖ ನಮಗೆ ಕಾಣುವುದರಿಂದ ಅಲ್ಲಿ ನಷ್ಟ ಕಡಿಮೆ ಎನ್ನಬಹುದೇನೋ. ಶಿವಡಿಗೆ, ವರ್ಸೋವಾಕ್ಕೆ, ಗೊರಾಯಿಗೆ ಒಂದೇ ಮುಖವಿಲ್ಲ. ಅಳಿಸಿದ ಚಿಮಣಿಯ ಜಾಗದಲ್ಲಿ ಯಂತ್ರ ತುಂಬುವುದು ಜಗತ್ತಿನ ಯಾವುಯಾವುದೋ ಊರುಗಳ ಲಕ್ಷಾಂತರ ಚಿತ್ರಗಳಿಂದ ಕಲಿತ ಸರಾಸರಿ ಆಕಾಶವನ್ನು.

ಆಕಾಶ ಬದಲಿಸುವ ಚಪಲ ಹೊಸದೇನಲ್ಲ. 1850ರ ದಶಕದ ಕೊಲೊಡಿಯನ್ ಪ್ಲೇಟು ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿತ್ತು. ಸಮುದ್ರ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೆ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಕೂಡಿಸಿ ಪ್ರಿಂಟು ಹಾಕಿದ. ಅವನ ಕೈಯಲ್ಲಿದ್ದ ಸಾಧನಕ್ಕೆ ಬೇರೆ ದಾರಿ ಇರಲಿಲ್ಲ. ನಮ್ಮ ಸೆನ್ಸರಿಗೆ ಆ ಬಡತನವಿಲ್ಲ.

ನಮ್ಮ ಮುಂಬಯಿಯಲ್ಲೇ ನಡೆದದ್ದು ಇನ್ನೂ ಗಮನಿಸುವಂಥದ್ದು. ಇಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ. ಅದರ ಸ್ಥಾಪಕರಲ್ಲಿ ಒಬ್ಬನಾದ ವಿಲಿಯಂ ಜಾನ್ಸನ್ ಈ ನಗರದ ನಿವಾಸಿಗಳನ್ನೂ ಬಂದುಹೋಗುವವರನ್ನೂ ಜಾತಿ, ಪಂಗಡವಾರು ತೋರಿಸುವ ಎರಡು ಸಂಪುಟಗಳನ್ನು 1863 ಮತ್ತು 1866ರಲ್ಲಿ ಹೊರತಂದ. ಅದರಲ್ಲಿ ಜನರ ಗುಂಪುಗಳು ಮುಂಬಯಿಯ ಬೀದಿ, ಕಟ್ಟಡ, ಕಡಲತೀರಗಳ ಎದುರು ನಿಂತಿರುತ್ತವೆ. ಅಸಲಿಗೆ ಜನರನ್ನು ತೆಗೆದದ್ದೇ ಬೇರೆ ಕಡೆ, ಹಿನ್ನೆಲೆ ತೆಗೆದದ್ದೇ ಬೇರೆ. ಎರಡನ್ನೂ ಕತ್ತರಿಸಿ ಹೊಂದಿಸಿದ್ದಾರೆ. ಅಂಚುಗಳನ್ನು ಸೂಕ್ಷ್ಮವಾಗಿ ನೋಡಿದರೆ ಕಾಲಿನ ಬುಡದಲ್ಲಿ ನೆಲ ಹೊಂದುವುದಿಲ್ಲ. ಕೆಲಸದಲ್ಲಿ ಜಾಣತನವಿದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಜನ ಆ ಜಾಗದಲ್ಲಿ ಎಂದಾದರೂ ನಿಂತಿದ್ದರೇ ಎಂದು ಕೇಳಿದರೆ ಆ ಪುಟಗಳಲ್ಲಿ ಉತ್ತರವಿಲ್ಲ. 160 ವರ್ಷದ ಹಿಂದಿನ ಮುಂಬಯಿಯ ಫೋಟೋ ಇರುವುದೇ ಕೆಲವು. ಅದರಲ್ಲೂ ಇಷ್ಟು ಪುಟಗಳು ಸಾಕ್ಷಿ ಹೇಳಲಾರದೆ ಹೋದವು.

ನಾನು ಕೇಳುವುದೂ ಸಾಕ್ಷಿಯನ್ನೇ. ಇಂಥ ದಿನ ಇಂಥ ಜಾಗದಲ್ಲಿ ಇಂಥ ಬೆಳಕು ಬಿದ್ದಿತ್ತು ಎನ್ನಲು ಬಾರದ ನಿಸರ್ಗಚಿತ್ರ ಚಂದವಿರಬಹುದು, ಅದನ್ನು ಚಿತ್ರಕಲೆಯ ಸಾಲಿಗೆ ಸೇರಿಸಿ ಗೌರವಿಸೋಣ. ಫೋಟೋ ಎಂದು ಒಪ್ಪಲು ನನ್ನಿಂದಾಗದು.

ಮೆರೀನ್ ಡ್ರೈವ್ ಸೂರ್ಯಾಸ್ತವನ್ನೇ ತೆಗೆದುಕೊಳ್ಳಿ. ಚರ್ಚ್‌ಗೇಟ್ ಎದುರಿನ ಕಟ್ಟೆಯಲ್ಲಿ ಡಿಸೆಂಬರ್ ಸಂಜೆ ಕೂತರೆ ಸೂರ್ಯ ಮಲಬಾರ್ ಹಿಲ್‌ನಿಂದ ಬಹಳ ಎಡಕ್ಕೆ, ತೆರೆದ ಸಮುದ್ರದಲ್ಲಿ ಮುಳುಗುತ್ತಾನೆ. ಬೇಸಿಗೆ ಏರಿದ ಹಾಗೆ ಬಲಕ್ಕೆ ಸರಿಯುತ್ತ ಸರಿಯುತ್ತ, ಮೇ ಕೊನೆಯ ಹೊತ್ತಿಗೆ ಬೆಟ್ಟದ ಮರೆಗೆ ಹೋಗುತ್ತಾನೆ. ಅಲ್ಲಿ ವರ್ಷಗಟ್ಟಲೆ ಕೂತವರಿಗೆ ಸೂರ್ಯ ಬಿದ್ದ ಜಾಗ ನೋಡಿ ತಿಂಗಳು ಹೇಳಲು ಬರುತ್ತದೆ. ಈಚೆಗೆ ನೋಡಿದ ಒಂದು ಚಿತ್ರದಲ್ಲಿ ಮಳೆಗಾಲದ ಅಲೆ ಕಟ್ಟೆಗೆ ಅಪ್ಪಳಿಸುತ್ತಿತ್ತು, ಸೂರ್ಯ ಮಾತ್ರ ಡಿಸೆಂಬರಿನ ಜಾಗದಲ್ಲಿದ್ದ. ಇಡೀ ಆಕಾಶ ಕೆಂಡವಾಗಿದ್ದರೂ ಒದ್ದೆಯಾದ ಕಾಲುದಾರಿಯಲ್ಲಿ ಆ ಕೆಂಪಿನ ಒಂದು ಚೂರೂ ಪ್ರತಿಫಲಿಸಿರಲಿಲ್ಲ. ಸಮುದ್ರವಂತೂ ನೀಲಿ! ಜುಲೈಯಲ್ಲಿ ಮುಂಬಯಿಯ ಕಡಲು ನೀಲಿಯಾಗಿರುವುದು ನಾನು ಕಂಡಿಲ್ಲ. ಹೂಳು ಕದಡಿ, ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಕಂದು ನೀರಿಗೆ ಒಂದು ಗಾಂಭೀರ್ಯವಿದೆ, ಸಿಟ್ಟಿದೆ. ಅದನ್ನು ನೀಲಿ ಮಾಡಿದವರು ಮಳೆಗಾಲವನ್ನೇ ತೆಗೆದುಹಾಕಿದ ಹಾಗೆ.

ಬಣ್ಣದ ವಿಷಯದಲ್ಲಿ ನಾನು ಮಡಿವಂತನಲ್ಲ. 2015ರಲ್ಲಿ ಮೆರೀನ್ ಡ್ರೈವಿನ ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ರಾಣಿಯ ಕಂಠಹಾರವೆಂದು ಕರೆಯುವ ಆ ದೀಪಸಾಲಿನ ಚಿನ್ನವೇ ಹೋಯಿತೆಂದು ಊರೆಲ್ಲ ಗಲಾಟೆಯಾಗಿತ್ತು. ಆಮೇಲೆ ಹಳದಿ ಛಾಯೆಯ ದೀಪಗಳು ಮರಳಿ ಬಂದವು. ಆಗ ತೆಗೆದ ಬಿಳಿ ಬೆಳಕಿನ ಚಿತ್ರಗಳನ್ನು ಇಂದು ಯಾರೋ ಚಂದಕ್ಕೆಂದು ಹಳದಿ ಮಾಡಿದರೆ ಆ ಗಲಾಟೆಯ ಪುರಾವೆಯೇ ಅಳಿಯುತ್ತದೆ. ವೈಟ್ ಬ್ಯಾಲೆನ್ಸ್ ಸ್ವಲ್ಪ ಆಚೀಚೆ ಸರಿಸಿ, ಬೇಡವೆನ್ನುವುದಿಲ್ಲ. ಆ ಹೊತ್ತು ಪಕ್ಕದಲ್ಲಿ ನಿಂತಿದ್ದವರು ನೋಡಿ "ಹೌದು, ಹೀಗೇ ಇತ್ತು" ಎನ್ನುವಷ್ಟರೊಳಗೆ ಇರಲಿ.

ಮಬ್ಬಿನ ಪ್ರಶ್ನೆ ಇದಕ್ಕಿಂತ ಗಂಭೀರ. ಡಿಸೆಂಬರ್, ಜನವರಿಯಲ್ಲಿ ಬಾಂದ್ರಾ ಕೋಟೆಯಿಂದ ನೋಡಿದರೆ ವರಳಿಯ ಗೋಪುರಗಳು ಬೂದುಬಣ್ಣದಲ್ಲಿ ಅರೆಬರೆ ಕರಗಿರುತ್ತವೆ. ಸೀ ಲಿಂಕಿನ ಕೇಬಲ್ಲುಗಳೂ ದೂರ ಹೋದಂತೆ ಮಾಯವಾಗುತ್ತವೆ. ಎಡಿಟಿಂಗ್ ಆ್ಯಪಿನಲ್ಲಿ ಮಬ್ಬು ತೆಗೆಯುವ ಡೀಹೇಜ್ ಒತ್ತಿದರೆ ಕ್ಷಣದಲ್ಲಿ ಎಲ್ಲ ಸ್ವಚ್ಛ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನಲ್ಲಿ, ಈ ನಗರದ ಗಾಳಿ ನಿಜವಾಗಿಯೂ ತಿಳಿಯಾಗಿತ್ತು. ಕಿಟಕಿಯಿಂದ, ತಾರಸಿಯಿಂದ ಜನ ತೆಗೆದ ಆ ತಿಂಗಳ ಚಿತ್ರಗಳು ನಮ್ಮ ಆಯುಷ್ಯದಲ್ಲಿ ಮತ್ತೆ ಸಿಗುತ್ತವೋ ಇಲ್ಲವೋ. ಅದರ ಹಿಂದಿನ, ಮುಂದಿನ ಜನವರಿಗಳನ್ನೆಲ್ಲ ನಾವು ಡೀಹೇಜ್ ಮಾಡಿಟ್ಟರೆ, ಮುಂದೆ ನೋಡುವ ಮಕ್ಕಳಿಗೆ ಆ ಏಪ್ರಿಲ್ ಬೇರೆಯಾಗಿ ಕಾಣುವುದು ಹೇಗೆ? ಉಸಿರಾಡಲು ಕಷ್ಟವಾಗುತ್ತಿದ್ದ ನಗರವೊಂದು ಚಿತ್ರಗಳಲ್ಲಿ ವರ್ಷವಿಡೀ ಫಳಫಳ ಹೊಳೆಯುತ್ತಿರುತ್ತದೆ.

ನಂಬಿಕೆ ಸವೆದಾಗ ಪೆಟ್ಟು ಬೀಳುವುದು ನಿಜ ಹೇಳಿದವರಿಗೆ. 2024ರಲ್ಲಿ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಒಂದು ಸ್ಪರ್ಧೆಯ ಎಐ ವಿಭಾಗಕ್ಕೆ ಬೇಕೆಂದೇ ಅಸಲಿ ಚಿತ್ರ ಕಳಿಸಿದ. ಅದೂ ಫ್ಲೆಮಿಂಗೊ. ತಲೆಯನ್ನು ಹೊಟ್ಟೆಯಡಿ ತೂರಿಸಿ ತುರಿಸಿಕೊಳ್ಳುತ್ತ, ರುಂಡವೇ ಇಲ್ಲವೇನೋ ಎಂಬಂತೆ ನಿಂತ ಹಕ್ಕಿ. ತೀರ್ಪುಗಾರರು ಯಂತ್ರ ಮಾಡಿದ್ದೆಂದು ನಂಬಿ ಬಹುಮಾನ ಕೊಟ್ಟರು, ಜನರ ಮತವೂ ಬಿತ್ತು. ಅಸಲಿ ಎಂದು ಅವನೇ ಹೇಳಿದ ಮೇಲೆ ಅನರ್ಹಗೊಳಿಸಿದರು. ನಿಸರ್ಗ ಇನ್ನೂ ಹೀಗೆ ಅಚ್ಚರಿ ಕೊಡಬಲ್ಲದೆಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಶಿವಡಿಯಲ್ಲಿ ಚಳಿಯಲ್ಲಿ ಕಾದು ಅಂಥದೇ ಒಂದು ಭಂಗಿ ಹಿಡಿದ ಹುಡುಗಿಗೆ ಇಂದು "ಎಐನಲ್ಲಿ ಮಾಡಿದ್ದಾ?" ಎಂದು ಕೇಳುತ್ತಾರೆ. ಅವಳ ಬೆಳಗುಗಳಿಗೆ ಬೆಲೆಯಿಲ್ಲದಂತೆ ಮಾಡಿದವರು ಚಿಮಣಿ ಅಳಿಸಿದ ನಾವೇ.

ಅತ್ತ ಕರ್ನಾಟಕದ ನಮ್ಮ ಊರಿನ ಚಿತ್ರಗಳಿಗೂ ಈ ರೋಗ ತಗಲಿದೆ. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಬರುವ ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಧಾರೆ ಗುರುತಿಸಲು ಹೋದರೆ ಬಂಡೆಯ ತುಂಬ ನೀರೇ ನೀರು, ಅದೂ ಮಾರ್ಚ್ ತಿಂಗಳ ಒಣಹುಲ್ಲಿನ ನಡುವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಬೇಸಿಗೆಯ ಜೋಗ ಬಡಕಲು. ಆ ಬಡಕಲು ಧಾರೆಯಲ್ಲಿ ಶರಾವತಿಯ ಇತಿಹಾಸವಿದೆ.

ಸ್ಪರ್ಧೆಗಳ ನಿಸರ್ಗ ವಿಭಾಗದ ನಿಯಮ ಸ್ಪಷ್ಟ: ಕ್ರಾಪ್ ಮಾಡಬಹುದು, ಬೆಳಕು ಸರಿಪಡಿಸಬಹುದು, ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಚಿತ್ರ ಹುಟ್ಟಿದ ಕ್ಷಣದಿಂದ ಅದಕ್ಕೆ ಏನೇನಾಯಿತೆಂಬ ದಾಖಲೆಯನ್ನು ಫೈಲಿನೊಳಗೇ ಮುದ್ರೆಯೊತ್ತಿ ಇಡುವ ಕ್ಯಾಮೆರಾಗಳೂ ಬಂದಿವೆ, 2023ರಲ್ಲಿ ಲೈಕಾ ಅದನ್ನು ಶುರು ಮಾಡಿತು. ಅಂಥ ಕ್ಯಾಮೆರಾ ಎಲ್ಲರ ಕೈಗೆಟುಕುವಂಥದ್ದಲ್ಲ. ಸದ್ಯಕ್ಕೆ ಚಿತ್ರದ ಕೆಳಗೆ ಜಾಗ, ತಿಂಗಳು, ಹೊತ್ತು ಬರೆಯಿರಿ. ತೆಗೆದದ್ದು, ಸೇರಿಸಿದ್ದು ಏನಾದರೂ ಇದ್ದರೆ ಒಂದು ಸಾಲಿನಲ್ಲಿ ಹೇಳಿಬಿಡಿ. ಕ್ಯಾಮೆರಾದ ಮೂಲ ರಾ (RAW) ಫೈಲನ್ನು ಅಳಿಸಬೇಡಿ.

ಹಾಗೆಯೇ ಮನೆಯ ಬೀರುವಿನಲ್ಲಿ ಹಳೆಯ ನೆಗೆಟಿವ್‌ಗಳಿದ್ದರೆ ಒಮ್ಮೆ ಹೊರತೆಗೆಯಿರಿ. ಊರಿನಿಂದ ಬಂದು ಹೋಟೆಲಿನಲ್ಲೋ ಮಿಲ್ಲಿನಲ್ಲೋ ದುಡಿದ ಅಜ್ಜಂದಿರು ಭಾನುವಾರ ಚೌಪಾಟಿಯಲ್ಲಿ, ಜುಹೂವಿನಲ್ಲಿ ತೆಗೆಸಿಕೊಂಡ ಚಿತ್ರಗಳಲ್ಲಿ ಅವರ ಭುಜದ ಹಿಂದೆ ಅಂದಿನ ಮುಂಬಯಿಯ ದಡವಿದೆ. 2009ಕ್ಕಿಂತ ಮುಂಚೆ ಬಾಂದ್ರಾದಲ್ಲಿ ತೆಗೆದದ್ದಾದರೆ ಸೀ ಲಿಂಕ್ ಇಲ್ಲದ ಬರಿಯ ದಿಗಂತವಿದೆ. ಮೊಮ್ಮಕ್ಕಳು ಅವನ್ನು ಆ್ಯಪಿಗೆ ಹಾಕಿ ಬಣ್ಣ ತುಂಬಿಸುತ್ತಿದ್ದಾರೆ, ದೂರದ ಮಸುಕು ಕಲೆಗೆ ಯಂತ್ರ ಕಿಟಕಿ ಕೊರೆದು ಕಟ್ಟಡ ಮಾಡುತ್ತಿದೆ. ಬಣ್ಣದ ಪ್ರತಿ ಬೇಕಿದ್ದರೆ ಮಾಡಿಕೊಳ್ಳಿ. ಅದಕ್ಕೂ ಮೊದಲು ನೆಗೆಟಿವನ್ನು ಇದ್ದ ಹಾಗೆಯೇ, ಗೀರು, ಕಲೆ, ಬೂಷ್ಟು ಸಮೇತ, ದೊಡ್ಡ ಗಾತ್ರದಲ್ಲಿ ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಡಿ. ಪ್ರಿಂಟಿನ ಹಿಂದೆ ಅಜ್ಜನ ಕೈಬರಹವಿದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಿ.