ಹಲಗಲಿಯ ಲಾವಣಿಯೂ ಮೇಳದ ದನಿಯೂ

ರಾಜಕಾರಣವು ಹಾಡಿನೊಳಗೆ ಹೊಕ್ಕರೆ ಕಾವ್ಯವು ಕೆಡುವದೆಂದು ನಮ್ಮ ವಿದ್ವಾಂಸರಲ್ಲಿ ಕೆಲವರು ಹೇಳುತ್ತ ಬಂದಿರುವರು. ಅಂಥವರು ಹಲಗಲಿಯ ಬೇಡರ ಲಾವಣಿಯನ್ನೊಮ್ಮೆ ಬಾಯಿಬಿಟ್ಟು ಓದಿ ನೋಡಬೇಕು. 1857ರಲ್ಲಿ ಕಂಪನಿ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿಯಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಿರುಗಿ ಬಿದ್ದುದೂ, ನವೆಂಬರದಲ್ಲಿ ದಂಡು ಬಂದು ಊರನ್ನು ಸುಟ್ಟುದೂ ಇದರ ವಸ್ತು. ನಮ್ಮ ಗದಗಿನ ನೆರೆಯ ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಈ ಹಾಡನ್ನು ಫ್ಲೀಟ್ ಸಾಹೇಬರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದರು. ಬಂಡಾಯವನ್ನಡಗಿಸಿದ ಸರಕಾರದ ಅಧಿಕಾರಿಯೇ ಬಂಡಾಯದ ಹಾಡನ್ನುಳಿಸಿದುದು ವಿಧಿಯ ವಿನೋದವೇ ಸರಿ!

ಜಡಗ, ಬಾಲ, ಹನುಮ, ರಾಮ ಈ ನಾಲ್ವರ ಶೌರ್ಯವರ್ಣನೆಯು ಚೆನ್ನಾಗಿದ್ದರೂ ಅಂಥದು ಬೇರೆ ಲಾವಣಿಗಳಲ್ಲಿಯೂ ಸಿಕ್ಕೀತು. ಕವಿಯ ನಿಜವಾದ ಶಕ್ತಿಯು ಸುಲಿಗೆಯ ಭಾಗದಲ್ಲಿದೆ. ಅಲ್ಲಿ ಅವನು ಇಂಗ್ರೇಜರನ್ನು ಬೈಯುವದಿಲ್ಲ. ದಂಡಿನವರು ಹೊತ್ತೊಯ್ದುದನ್ನು ಎಣಿಸುತ್ತಾನೆ. ಉಪ್ಪು, ಎಣ್ಣೆ, ಅರಿಸಿನ, ಬೆಲ್ಲ, ಬೀಸುವ ಕಲ್ಲು, ಕಡೆಗೆ ಮಂಗಳಸೂತ್ರ! ಬಡವರ ಮನೆಯೊಂದು ಬರಿದಾಗುವದನ್ನು ಕೇಳುವವನು ಕಿವಿಯಿಂದಲೇ ಕಾಣುತ್ತಾನೆ. ಕರುಣರಸಕ್ಕೆ ಇದಕ್ಕಿಂತ ಹೆಚ್ಚಿನ ಸಾಮಗ್ರಿಯು ಏತಕ್ಕೆ ಬೇಕು?

ಆದರೆ ಇದು ಒಬ್ಬನೇ ಕುಳಿತು ಓದತಕ್ಕ ಕೃತಿಯಲ್ಲ. ದಪ್ಪು, ತುಂತುಣಿ, ತಾಳಗಳೊಡನೆ ಮುಮ್ಮೇಳದವನು ನುಡಿಯನ್ನೆತ್ತಿದಾಗ ಹಿಮ್ಮೇಳದವರು ಅದನ್ನು ಹಿಡಿದು ನೂಕುವರು. ಹರದೇಶಿ ನಾಗೇಶಿಗಳ ವಾದದಲ್ಲಿಯಂತೂ ಸವಾಲಿಗೆ ಆ ಕ್ಷಣವೇ ಜವಾಬು ಬರಬೇಕು. ಇಂದು ಈ ಲಾವಣಿಯು ಶಾಲೆಯ ಪಠ್ಯದಲ್ಲಿ ಸೇರಿರುವದು ಸಂತೋಷವೇ. ಆದರೆ ದಪ್ಪಿಲ್ಲದೆ ಅರ್ಥ ಬರೆಯಿಸುವದರಿಂದ ಅದರ ಉಸಿರೇ ನಿಂತಂತಾಗುತ್ತದೆ.

ಆಸ್ಟ್ರೇಲಿಯದಲ್ಲಿ ಈ ಬಗೆಯ ಕೆಲಸವನ್ನು ಹಿಪ್ ಹಾಪ್ ಮೇಳದವರು ಮಾಡುತ್ತಿರುವರು. ತಾಳಕ್ಕೆ ಬಿಗಿದು ಮಾತನ್ನೇ ಹಾಡಾಗಿಸುವ ಕಲೆಯದು. ಬ್ರಿಗ್ಸ್, ಟ್ರಯಲ್ಸ್ ಎಂಬ ಮೂಲನಿವಾಸಿ ಕಲಾವಿದರಿಬ್ಬರ ‘ಎ. ಬಿ. ಒರಿಜಿನಲ್’ ಮೇಳವು 2016ರಲ್ಲಿ ‘ರಿಕ್ಲೇಮ್ ಆಸ್ಟ್ರೇಲಿಯ’ ಎಂಬ ಧ್ವನಿಮುದ್ರಿಕೆಯನ್ನು ಹೊರಡಿಸಿತು. 1788ರ ಜನೇವರಿ 26ರಂದು ಬ್ರಿಟಿಶರು ಸಿಡ್ನಿಯಲ್ಲಿ ನೆಲೆಯೂರಿದ ದಿನವನ್ನು ರಾಷ್ಟ್ರೀಯ ಉತ್ಸವವಾಗಿ ಆಚರಿಸುವದನ್ನು ಅವರು ಹಾಡಿನಲ್ಲಿಯೇ ಹಳಿದರು. ಅವರ ಅಸ್ತ್ರವು ಅಣಕ. ನಮ್ಮ ಕವಿಯದು ಅಳಲು. ಅವರು ತಮ್ಮ ಹೆಸರುಗಳನ್ನು ಮುಂದಿಟ್ಟು ಹಾಡುವರು, ನಮ್ಮವನು ದೇವರ ಅಂಕಿತದ ಮರೆಯಲ್ಲಿ ನಿಂತನು. ಕಾಲವು ಬೇರೆ, ಅಪಾಯವೂ ಬೇರೆ.

ಸ್ವಾತಂತ್ರ್ಯದ ನಂತರ ನಮ್ಮ ಗೀಗೀ ಮೇಳಗಳಿಂದ ಕುಟುಂಬಯೋಜನೆ, ಸಾಕ್ಷರತೆಗಳ ಹಾಡುಗಳನ್ನು ಹೇಳಿಸಲಾಯಿತು. ಉದ್ದೇಶವು ಒಳ್ಳೆಯದಿದ್ದರೂ ಆಳುವವರ ಮಾತನ್ನೇ ಆಳಿಸಿಕೊಳ್ಳುವವರಿಗೆ ಒಪ್ಪಿಸುವ ಹಾಡಿನಲ್ಲಿ ಸವಾಲೆಲ್ಲಿ, ಜವಾಬೆಲ್ಲಿ? ರಾಜಕಾರಣವು ಕಾವ್ಯವನ್ನು ಕೆಡಿಸಿದ್ದರೆ ಇಲ್ಲಿ ಕೆಡಿಸಿತೇ ಹೊರತು ಹಲಗಲಿಯಲ್ಲಲ್ಲ.

ಶಿಗ್ಲಿ, ಲಕ್ಷ್ಮೇಶ್ವರ, ಮುಂಡರಗಿಗಳ ಕಡೆಯ ವಾಚಕರ ಮನೆಗಳಲ್ಲಿ ಲಾವಣಿಯ ಕೈಬರಹದ ಹೊತ್ತಿಗೆಗಳೇನಾದರೂ ಇದ್ದರೆ ಗೆದ್ದಲಿಗೆ ಬಿಡದೆ ತೆಗೆದಿಡಬೇಕು. ಹಾಡಬಲ್ಲ ಹಿರಿಯರಿದ್ದರೆ ಮೊದಲು ಅವರ ದನಿಯನ್ನು ಮುದ್ರಿಸಿಕೊಳ್ಳಬೇಕು, ಅಕ್ಷರವನ್ನು ಆಮೇಲೆ ಬರೆದುಕೊಂಡರಾದೀತು.