ಹಾಳೆಯನ್ನು ಅಗಲಿದ ಚಿತ್ರ

ಹಳೆಯ ಪತ್ರಿಕೆಗಳ ವ್ಯಂಗ್ಯಚಿತ್ರಗಳೂ ಕಥಾಚಿತ್ರಗಳೂ ಈಗ ಅಪರೂಪದ ವಸ್ತುಗಳ ಸಾಲಿಗೆ ಸೇರಿವೆ. ಅವನ್ನು ಹುಡುಕಿ ಕೂಡಿಡುವವರಿದ್ದಾರೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ, ಬೆಲೆ ಕೊಟ್ಟು ಕೊಳ್ಳುವವರೂ ಇದ್ದಾರೆ. ಓದಿ ಮುಗಿದೊಡನೆ ರದ್ದಿಗೆ ಬೀಳುತ್ತಿದ್ದ ಕಾಗದಕ್ಕೆ ಇಂಥ ಗೌರವ ಬಂದದ್ದು ಸಂತೋಷದ ಸಂಗತಿ. ಆದರೆ ಈ ಚಿತ್ರಗಳನ್ನು ಕೂಡಿಡುವ ಬಗೆ ಹೇಗೆ, ನೋಡುವ ಬಗೆ ಹೇಗೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಕೇಳಿಕೊಂಡವರು ಕಡಿಮೆ. ಕಥೆ ಕವಿತೆಗಳಿಗೆ ವಿಮರ್ಶೆಯಿದೆ. ಅವುಗಳ ಪಕ್ಕದಲ್ಲೇ ಅಚ್ಚಾದ ಚಿತ್ರಕ್ಕೆ ಹೊಗಳಿಕೆ ಮಾತ್ರ ದಕ್ಕಿದೆ. ಆ ಪ್ರಶ್ನೆಯನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂಥ ಊರನ್ನು ಕಣ್ಣಮುಂದೆ ಇಟ್ಟುಕೊಂಡರೆ ಪ್ರಶ್ನೆ ಹೆಚ್ಚು ಸ್ಪಷ್ಟವಾಗುತ್ತದೆ. ಇಂಥ ಊರುಗಳಲ್ಲಿ ಖಾಸಗಿ ಸಂಗ್ರಹವೆಂದರೆ ಗಾಜಿನ ಕಪಾಟಲ್ಲ. ಅಟ್ಟದ ಮೇಲಿನ ತಗಡಿನ ಟ್ರಂಕು. ಅದರಲ್ಲಿ ತಾತನ ಕಾಲದ ಪಂಚಾಂಗ, ಜಮೀನಿನ ಪತ್ರ, ಒಂದಷ್ಟು ಹಳೆಯ ಮಾಸಪತ್ರಿಕೆಗಳು. ಇದು ರೇಷ್ಮೆಯ ಸೀಮೆ. ಹಣ್ಣಾದ ಹುಳು ಚಂದ್ರಿಕೆಯೇರುವ ಹೊತ್ತಿಗೆ ಕೆಳಗೆ ಹಾಸಲು ಹಳೆಯ ಕಾಗದ ಬೇಕು. ಒಂದೊಂದು ಬೆಳೆಗೂ ಒಂದೊಂದು ಕಟ್ಟು ಕಾಗದ ಖರ್ಚಾಗುವ ಮನೆಯಲ್ಲಿ ಒಂದು ಪತ್ರಿಕೆ ಐವತ್ತು ವರ್ಷ ಉಳಿದುಬಂದಿದ್ದರೆ ಅದನ್ನು ಯಾರೋ ಬೇಕೆಂದೇ ಉಳಿಸಿದ್ದಾರೆ ಎಂದರ್ಥ. ಹಾಗೆ ಉಳಿಸಿದವರು ಕಲಾವಿಮರ್ಶಕರಾಗಿರಲಿಲ್ಲ. ಆದರೆ ಅವರ ಆಯ್ಕೆಯೂ ಒಂದು ವಿಮರ್ಶೆಯೇ ಆಗಿತ್ತು.

ಅವರು ಉಳಿಸಿದ್ದರಲ್ಲಿ 'ಚಂದಮಾಮ' ಇರುವ ಸಂಭವ ಹೆಚ್ಚು. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಿಂದ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಸಾದಲಿ, ಚಿಂತಾಮಣಿ, ಗೌರಿಬಿದನೂರಿನ ಕಡೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ ಆಗಿರುವ ಕುಟುಂಬಗಳು ಅನೇಕ. ಇಂಥ ಮನೆಗಳಿಗೆ ಒಂದೇ ಪತ್ರಿಕೆ ಎರಡು ಲಿಪಿಗಳಲ್ಲಿ ಲಭ್ಯವಾಯಿತು. ಅಕ್ಷರ ಬೇರೆ, ಚಿತ್ರ ಒಂದೇ. ತೆಲುಗಿನಲ್ಲಿ ಕಥೆ ಕೇಳಿದ ಮಗು ಅದೇ ಚಿತ್ರದ ಕೈಹಿಡಿದು ಕನ್ನಡದ ಅಕ್ಷರಕ್ಕೆ ದಾಟಬಹುದಾಗಿತ್ತು. ಶ್ರೀಕಾಕುಳಂನ ವಡ್ಡಾದಿ ಪಾಪಯ್ಯ, ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ, ತಮಿಳುನಾಡಿನ ಕೆ.ಸಿ. ಶಿವಶಂಕರನ್ ಮೊದಲಾದವರು ಆ ಪುಟಗಳಿಗೆ ದುಡಿದರು. ಬೇರೆ ಬೇರೆ ತಾಯ್ನುಡಿಯ ಆ ಕೈಗಳು ಮಕ್ಕಳಿಗೆ ಒಂದು ಸಮಾನ ಭಾಷೆಯನ್ನೇ ಕಟ್ಟಿಕೊಟ್ಟವು.

'ಶಂಕರ್' ಎಂದೇ ಹೆಸರಾದ ಶಿವಶಂಕರನ್ ಅವರ ವಿಕ್ರಮ-ಬೇತಾಳ ಚಿತ್ರವನ್ನು ನೆನಪಿಸಿಕೊಳ್ಳಿ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ, ಸುತ್ತ ಸ್ಮಶಾನ, ಮುಂದಕ್ಕಿಟ್ಟ ಹೆಜ್ಜೆ. ಈ ಚಿತ್ರವನ್ನು ಕತ್ತರಿಸಿ ಚೌಕಟ್ಟಿಗೆ ಹಾಕಿದರೆ ಏನು ಕಾಣುತ್ತದೆ? ಭಯಾನಕ ರಸದ ಒಂದು ಸೊಗಸಾದ ರಚನೆ ಕಾಣುತ್ತದೆ. ಪತ್ರಿಕೆಯಲ್ಲಿ ಅದರ ಕೆಲಸ ಬೇರೆಯೇ ಆಗಿತ್ತು. ಅದು ತಿಂಗಳು ತಿಂಗಳೂ ಕಥೆಯ ನೆತ್ತಿಯ ಮೇಲೆ ಮರಳಿ ಬರುತ್ತಿತ್ತು. ಕಳೆದ ಸಂಚಿಕೆಯಲ್ಲಿ ರಾಜ ಮೌನ ಮುರಿದ, ಶವ ಮರಕ್ಕೆ ಹಾರಿತು. ಈ ಸಂಚಿಕೆಯಲ್ಲಿ ಛಲ ಬಿಡದೆ ಮತ್ತೆ ಹೊತ್ತು ತಂದಿದ್ದಾನೆ. ಅದೇ ಚಿತ್ರದ ಪುನರಾವರ್ತನೆಯೇ ಆ ಛಲದ ಅರ್ಥ. ಕೀರ್ತನೆಗೆ ಪಲ್ಲವಿ ಹೇಗೋ ಆ ಕಥಾಮಾಲೆಗೆ ಈ ಚಿತ್ರ ಹಾಗೆ. ಪಲ್ಲವಿಯನ್ನು ಮಾತ್ರ ಕಿತ್ತು ತಂದು ಒಮ್ಮೆ ಹಾಡಿದರೆ ಅದು ಪಲ್ಲವಿಯಾಗಿ ಉಳಿಯುವುದಿಲ್ಲ. ರಾಜನ ತುಟಿ ಮುಚ್ಚಿರುವುದಕ್ಕೂ ಕಾರಣವಿದೆ: ಮಾತಾಡಿದರೆ ಹೊರೆ ಕೈತಪ್ಪುತ್ತದೆ. ಆ ಕಾರಣವನ್ನು ಕೆಳಗಿನ ಅಕ್ಷರಗಳು ಹೇಳುತ್ತವೆ, ಚಿತ್ರ ಹೇಳುವುದಿಲ್ಲ.

ವ್ಯಂಗ್ಯಚಿತ್ರದ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಡಾ. ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', 1942ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿದರು. ಮಹಾಯುದ್ಧ ನಡೆಯುತ್ತಿದ್ದ ವರ್ಷ, ದೇಶದಲ್ಲಿ ಸ್ವಾತಂತ್ರ್ಯದ ಕಾವು ಏರಿದ್ದ ವರ್ಷ. ವೃತ್ತಿಯಿಂದ ವೈದ್ಯರಾದವರು ನಗೆಗೊಂದು ಮಾಸಪತ್ರಿಕೆಯನ್ನು ಮುಡಿಪಾಗಿಟ್ಟು 1967ರವರೆಗೆ ನಡೆಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಆ ಹಳೆಯ ಸಂಚಿಕೆಗಳು ಸಿಕ್ಕಿದರೆ ಇಂದಿನ ಸಂಗ್ರಾಹಕನ ಕಣ್ಣು ಮೊದಲು ಹುಡುಕುವುದು ಅವರ ಸಹಿಯನ್ನು. ಸಹಿ ಸಿಕ್ಕಿದರೆ ಕತ್ತರಿ ಹೊರಬರುತ್ತದೆ. ಆದರೆ ಆ ಚಿತ್ರದ ಎಡಬಲಕ್ಕೆ ಏನಿತ್ತು? ಯಾರ ಹರಟೆಗೆ ಅದು ಜೊತೆಗೂಡಿತ್ತು? ಅದೇ ಪತ್ರಿಕೆಯಲ್ಲಿ ನಾ. ಕಸ್ತೂರಿಯವರು ಬರೆಯುತ್ತಿದ್ದರು, ಟಿ. ಸುನಂದಮ್ಮನವರು ಬರೆಯುತ್ತಿದ್ದರು. ಮುಂದೆ ದೊಡ್ಡ ಹೆಸರಾದವರ ಗೆರೆಯನ್ನು ಮಾತ್ರ ಎತ್ತಿಕೊಂಡು ಉಳಿದುದನ್ನು ರದ್ದಿಗೆ ಹಾಕಿದರೆ, ಆ ಗೆರೆಯನ್ನು ಬೆಳೆಸಿದ ಬಳಗವೇ ಕಾಣೆಯಾಗುತ್ತದೆ.

ಲಕ್ಷ್ಮಣರ ಬಾಲ್ಯವೇ ಈ ಮಾತಿಗೆ ಸಾಕ್ಷಿ. ಓದಲು ಬರುವ ಮೊದಲೇ ಅವರು ಮನೆಗೆ ಬರುತ್ತಿದ್ದ 'ಸ್ಟ್ರ್ಯಾಂಡ್', 'ಪಂಚ್' ಮೊದಲಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು. 'ದಿ ಹಿಂದೂ'ವಿನಲ್ಲಿ ಆಗಾಗ ಬರುತ್ತಿದ್ದ ಡೇವಿಡ್ ಲೋ ಅವರ ಸಹಿಯನ್ನು ಬಹುಕಾಲ 'ಕೌ' ಎಂದೇ ಓದಿಕೊಂಡಿದ್ದರು. ಹಸುವಿನ ಹೆಸರಿನವನೊಬ್ಬ ಇಷ್ಟು ಚೆನ್ನಾಗಿ ಬರೆಯುತ್ತಾನೆಂದು ನಂಬಿದ್ದ ಆ ಹುಡುಗನಿಗೆ ಚಿತ್ರಗಳನ್ನು ಪರಿಚಯಿಸಿದ್ದು ಯಾವ ಕಲಾಶಾಲೆಯೂ ಅಲ್ಲ. ಮನೆಗೆ ಬರುತ್ತಿದ್ದ ಇಡಿಯ ಪತ್ರಿಕೆ. ಮುಂದೆ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ 1951ರಿಂದ ಬಂದ ಅವರ ಪುಟ್ಟ ಚಿತ್ರದ ಶ್ರೀಸಾಮಾನ್ಯ ತುಟಿ ಬಿಚ್ಚಲಿಲ್ಲ. ಚೌಕಳಿ ಕೋಟು ತೊಟ್ಟ ಆ ಮುದುಕನ ಮೌನ ಯಾವ ಸುದ್ದಿಯ ಎದುರು ಎಂಬುದು ತಿಳಿಯಬೇಕಾದರೆ ಚಿತ್ರದ ಜೊತೆಗೆ ದಿನಾಂಕ ಬೇಕು, ಆ ದಿನದ ಪತ್ರಿಕೆ ಬೇಕು. ದಿನಾಂಕವಿಲ್ಲದ ವ್ಯಂಗ್ಯಚಿತ್ರವೆಂದರೆ ಪ್ರಶ್ನೆ ಕಳೆದುಹೋದ ಉತ್ತರ.

ಕನ್ನಡದ ಮುದ್ರಣವನ್ನು ನೆನೆದರೆ ಅಕ್ಷರ ಮತ್ತು ಚಿತ್ರದ ಈ ನಂಟು ಎಷ್ಟು ಹಳೆಯದೆಂದು ತಿಳಿಯುತ್ತದೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಅಕ್ಷರವನ್ನೂ ಕೈಯಲ್ಲೇ ಬರೆಯಬೇಕು. ಚಿತ್ರ ಬರೆಯುವ ವಿಧಾನವೇ ಅಕ್ಷರಕ್ಕೂ. ಅಚ್ಚುಮೊಳೆ ಬಂದ ಮೇಲೆ ಅವೆರಡೂ ಬೇರೆಯಾದವು. ಅಕ್ಷರವನ್ನು ಮೊಳೆ ಜೋಡಿಸುವವನು ನೋಡಿಕೊಂಡ. ಚಿತ್ರ ಸತುವಿನ ತಗಡಿನ ಬ್ಲಾಕಾಗಿ ಪ್ರತ್ಯೇಕವಾಗಿ ಬಂತು. ಲೈನ್ ಬ್ಲಾಕಿಗೆ ಕಪ್ಪು ಮತ್ತು ಬಿಳುಪು ಮಾತ್ರ ಗೊತ್ತು, ನಡುವಿನ ಬೂದು ಗೊತ್ತಿಲ್ಲ. ಸಂಜೆಯ ನೆರಳು ಬೇಕಾದರೂ, ಮುದುಕಿಯ ಕೆನ್ನೆಯ ಸುಕ್ಕು ಬೇಕಾದರೂ ಕಲಾವಿದ ಅದನ್ನು ಗೆರೆಗಳ ದಟ್ಟಣೆಯಿಂದಲೇ ಹುಟ್ಟಿಸಬೇಕು. ಹಾಗೆ ಹುಟ್ಟಿಸುವಾಗ ಒರಟು ಕಾಗದದಲ್ಲಿ ಶಾಯಿ ಹರಡಿ ಗೆರೆಗಳು ಒಂದಕ್ಕೊಂದು ಅಂಟದಂತೆ ಎಚ್ಚರ ವಹಿಸಬೇಕು. ಆದ್ದರಿಂದ ಆ ಕಾಲದ ಚಿತ್ರವನ್ನು ತೂಗುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಕಡಿಮೆ ಗೆರೆಯಲ್ಲಿ ಎಷ್ಟು ಹೇಳಿತು ಎಂಬುದು. ಈ ಬಿಗಿಯೇ ಆ ಚಿತ್ರಗಳ ಚೆಲುವಿನ ಮೂಲ.

ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಹೊಗಳುವುದು ನ್ಯಾಯವಲ್ಲ. ಆ ಕಾಲದ ಮಕ್ಕಳ ಕಥಾಚಿತ್ರಗಳಲ್ಲಿ ರಾಕ್ಷಸ ಬಹುಮಟ್ಟಿಗೆ ಕಪ್ಪು, ರಾಜಕುಮಾರಿ ಬಿಳುಪು. ಬಿಸಿಲಿನಲ್ಲಿ ದುಡಿಯುವ ಬಯಲುಸೀಮೆಯ ಮಗು ಆ ಪುಟದಲ್ಲಿ ತನ್ನ ಅಪ್ಪನ ಬಣ್ಣವನ್ನು ಯಾರ ಮೈಮೇಲೆ ಕಂಡಿತು ಎಂದು ನಾವು ಕೇಳಲೇಬೇಕು. ಹಾಗೆಯೇ ಲಟ್ಟಣಿಗೆ ಹಿಡಿದ ಹೆಂಡತಿ, ಪೇಟೆಯಲ್ಲಿ ದಿಕ್ಕುಗೆಟ್ಟ ಹಳ್ಳಿಗ, ಪೆದ್ದ ಆಳು: ಇವರನ್ನು ನೋಡಿ ನಕ್ಕವರು ಯಾರು, ನಗೆಗೆ ಗುರಿಯಾದವರು ಯಾರು? ಇಲ್ಲಿಯೂ ಇಡಿಯ ಸಂಚಿಕೆಯೇ ನಮಗೆ ನೆರವಾಗುತ್ತದೆ. ಹೆಂಡತಿಯ ಬಗೆಗಿನ ಅಗ್ಗದ ನಗೆ ಹಾಸ್ಯವೆಂದೇ ನಡೆಯುತ್ತಿದ್ದ ಕಾಲದಲ್ಲಿ ಸುನಂದಮ್ಮನವರು ಮನೆಯೊಳಗಿನ ಬದುಕನ್ನು ಹೆಣ್ಣಿನ ಕಣ್ಣಿನಿಂದ ನೋಡಿ ನಗಿಸುತ್ತಿದ್ದರು. ಚಿತ್ರವನ್ನು ಮಾತ್ರ ಉಳಿಸಿಕೊಂಡರೆ ತಪ್ಪು ಉಳಿಯುತ್ತದೆ, ಅದರ ಪಕ್ಕದಲ್ಲಿದ್ದ ಉತ್ತರ ಅಳಿಯುತ್ತದೆ.

ಇಷ್ಟಾದರೂ ಕತ್ತರಿ ಹಿಡಿದವರನ್ನು ಹಳಿಯಲು ಮನಸ್ಸಾಗುವುದಿಲ್ಲ. ಸಣ್ಣ ಮನೆಯಲ್ಲಿ ನೂರಾರು ಸಂಚಿಕೆ ಇಡಲು ಜಾಗವಿಲ್ಲದೆ, ಇಷ್ಟವಾದ ಚಿತ್ರವನ್ನು ಕತ್ತರಿಸಿ ನೋಟುಪುಸ್ತಕಕ್ಕೆ ಅಂಟಿಸಿಟ್ಟವರು ಪ್ರೀತಿಯಿಂದಲೇ ಹಾಗೆ ಮಾಡಿದರು. ಎಷ್ಟೋ ಚಿತ್ರಗಳು ನಮಗೆ ದಕ್ಕಿರುವುದು ಅವರ ಕತ್ತರಿಯ ದಯೆಯಿಂದ. ಆ ನೋಟುಪುಸ್ತಕವೂ ಒಂದು ದಾಖಲೆ. ಒಬ್ಬ ಓದುಗ ಏನನ್ನು ಮೆಚ್ಚಿದ ಎಂಬುದರ ದಾಖಲೆ. ಅದನ್ನು ಬಿಡಿಬಿಡಿಯಾಗಿ ಹರಿದು ಮಾರಿದರೆ ಎರಡನೆಯ ಸಲ ನಷ್ಟವಾಗುತ್ತದೆ. ನನ್ನ ಆಕ್ಷೇಪವಿರುವುದು ಇಡಲು ಜಾಗವೂ ಅನುಕೂಲವೂ ಇದ್ದು, ಬೆಲೆಗಾಗಿ ಇಡಿಯ ಸಂಚಿಕೆಯನ್ನು ಸೀಳುವ ಇಂದಿನ ರೂಢಿಯ ಬಗ್ಗೆ.

ನಮ್ಮ ಜಿಲ್ಲೆಗೆ ಈ ಕಲೆ ಪರಕೀಯವೇನಲ್ಲ. ಬಾಗೇಪಲ್ಲಿ ತಾಲ್ಲೂಕಿನ ಪರಗೋಡು ಹಲವು ವ್ಯಂಗ್ಯಚಿತ್ರಕಾರರನ್ನು ನಾಡಿಗೆ ಕೊಟ್ಟ ಹಳ್ಳಿ. ಬೆಂಗಳೂರಿನಲ್ಲಿ 2001ರಲ್ಲಿ ಸ್ಥಾಪನೆಯಾದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಲ್ಲಿ ಒಂದು ಗ್ಯಾಲರಿಯನ್ನೂ ತೆರೆಯಿತು. ಮೂಲಚಿತ್ರಕ್ಕೆ ಗ್ಯಾಲರಿಯ ಗೋಡೆ ತಕ್ಕ ಸ್ಥಳ. ಅಚ್ಚಾದ ಚಿತ್ರಕ್ಕಾದರೋ ಅದರ ಹಾಳೆಯೇ ಮನೆ.

ಆದ್ದರಿಂದ ಓದುಗರೇ, ನಿಮ್ಮ ಮನೆಯ ಟ್ರಂಕಿನಲ್ಲಿ ಇಂಥ ಪತ್ರಿಕೆಗಳಿದ್ದರೆ ದಯವಿಟ್ಟು ಕತ್ತರಿಸಬೇಡಿ. ಅಗ್ಗದ ಪತ್ರಿಕಾ ಕಾಗದದಲ್ಲಿ ಉಳಿದಿರುವ ಮರದ ಅಂಶ ಬೆಳಕು ಗಾಳಿಗೆ ಹಳದಿಯಾಗಿ ಪುಡಿಯಾಗುತ್ತದೆ. ಬಿಸಿಲು ತಾಗದಂತೆ, ತೇವ ಸೇರದಂತೆ ಇಡಿ. ಅಂಟುಪಟ್ಟಿ ಹಚ್ಚಬೇಡಿ, ಅದರ ಕಲೆ ಹೋಗದು. ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ತೆಗೆಯಿರಿ. ಪ್ರತಿ ಮಾಡುವುದಾದರೆ ಜಾಹೀರಾತನ್ನೂ ಬಿಡದೆ ಮುಖಪುಟದಿಂದ ಹಿಂಪುಟದವರೆಗೆ ಮಾಡಿ. ತಿಂಗಳು, ವರ್ಷ, ಕಲಾವಿದನ ಹೆಸರು ಬರೆದಿಡಿ. ಕಾಗದ ನಿಮ್ಮದಾದರೂ ಚಿತ್ರದ ಹಕ್ಕು ನಿಮ್ಮದಲ್ಲ ಎಂಬುದೂ ನೆನಪಿರಲಿ. ನಮ್ಮ ಕಾನೂನಿನಲ್ಲಿ ಅದು ಕಲಾವಿದನ ಮರಣಾನಂತರ 60 ವರ್ಷ ಉಳಿಯುತ್ತದೆ.

'ಚಂದಮಾಮ' 2013ರ ಹೊತ್ತಿಗೆ ನಿಂತಿತು. ಲಕ್ಷ್ಮಣ್ 2015ರಲ್ಲಿ, ಶಂಕರ್ 2020ರಲ್ಲಿ ನಮ್ಮನ್ನು ಅಗಲಿದರು. ಅವರ ಪಕ್ಕದಲ್ಲೇ ದುಡಿದು ಸಹಿ ಹಾಕದೆ ಹೋದ ಕಲಾವಿದರೂ ಉಂಟು. ಅವರ ಹೆಸರು ಎಲ್ಲಾದರೂ ಸಿಗುವುದಿದ್ದರೆ ಅದು ಸಂಚಿಕೆಯ ಯಾವುದೋ ಮೂಲೆಯ ಸಣ್ಣ ಅಕ್ಷರದಲ್ಲಿ, ಕತ್ತರಿಸುವವನು ಬೇಡವೆಂದು ಬಿಸಾಡುವ ಭಾಗದಲ್ಲಿ.