ಮೆಟ್ಟಿಲಿಲ್ಲದ ಕೆರೆ

ಒಮ್ಮೆ ಚಿತ್ರಕಲೆಯ ಮೇಷ್ಟ್ರು ರಜೆಯಲ್ಲಿದ್ದ ದಿನ ಅವರ ಅವಧಿ ನನ್ನ ಪಾಲಿಗೆ ಬಂತು. ನನಗೋ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ರಾಶಿ ಕಾದಿತ್ತು. "ಕೆರೆಯ ಚಿತ್ರ ಬರೀರಿ" ಎಂದು ಏಳನೆಯ ತರಗತಿಯ ಮಕ್ಕಳಿಗೆ ಹೇಳಿ ಕೆಂಪು ಪೆನ್ನು ಹಿಡಿದು ಕುಳಿತೆ. ಗಂಟೆ ಹೊಡೆಯುವ ಹೊತ್ತಿಗೆ ಪುಸ್ತಕಗಳು ಮೇಜಿನ ಮೇಲೆ ಬಂದವು.

ನಾವು ಚಿಕ್ಕವರಿದ್ದಾಗ ಕೆರೆ ಎಂದರೆ ಎರಡು ತಾವರೆ, ಒಂದು ಬಾತುಕೋಳಿ, ಮೂಲೆಯಲ್ಲಿ ಕೊಡ ಹೊತ್ತ ಹೆಂಗಸು, ಹಿಂದೆ ಎರಡು ಬೆಟ್ಟಗಳ ನಡುವೆ ಸೂರ್ಯ. ಈ ಮಕ್ಕಳು ಮೊದಲು ಬರೆದದ್ದು ಕಂಬಿಬೇಲಿ. ಸ್ಕೇಲು ಇಟ್ಟು ನೀಟಾಗಿ ಎಳೆದಿದ್ದರು. ಆಮೇಲೆ ದೀಪದ ಕಂಬ, ನಡೆಯುವ ಹಾದಿ, ಕಸದ ಡಬ್ಬಿ. ಉಳಿದ ಜಾಗದಲ್ಲಿ ಒಂದಿಷ್ಟು ನೀಲಿ. ಒಬ್ಬ ಹುಡುಗಿಯಂತೂ ಗೇಟು ಬರೆದು ಅದಕ್ಕೊಂದು ಬೀಗವನ್ನೂ ಹಾಕಿದ್ದಳು. ಅವಳಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು.

ಅಂದಿನಿಂದ ನನಗೊಂದು ಚಟ ಹತ್ತಿತು. ಯಾವ ಊರಿಗೆ ಹೋದರೂ ಅಲ್ಲಿನ ಕೆರೆಯ ದಂಡೆಗೆ ಹೋಗಿ, ಹೆಂಗಸೊಬ್ಬಳು ಇಲ್ಲಿ ನೀರಿನ ತನಕ ಇಳಿಯಬಹುದೇ, ಸುಮ್ಮನೆ ಹತ್ತು ನಿಮಿಷ ಕೂರಬಹುದೇ ಎಂದು ನೋಡುತ್ತೇನೆ. ವಾಸ್ತುಶಿಲ್ಪ ಓದಿದವರು ಕಟ್ಟಡಗಳನ್ನು ಯಾವುದರಿಂದ ಅಳೆಯುತ್ತಾರೋ ಕಾಣೆ, ನನ್ನ ಅಳತೆಗೋಲು ಇಷ್ಟೇ.

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಮಲ್ಲೇಶ್ವರದ ತಂಗಿಯ ಮನೆಯಲ್ಲಿ ಒಂದು ವಾರ ಇದ್ದೆ. ದಿನವೂ ಬೆಳಿಗ್ಗೆ ಸ್ಯಾಂಕಿ ಕೆರೆಗೆ ನಮ್ಮ ಸವಾರಿ. ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಕೆರೆ ಇದು. ಅಠಾರಾ ಕಚೇರಿಗೂ ಕಬ್ಬನ್ ಉದ್ಯಾನಕ್ಕೂ ನಕ್ಷೆ ಹಾಕಿದ ಎಂಜಿನಿಯರ್ ಆತನೇ. 1876-78ರ ಭೀಕರ ಬರದಲ್ಲಿ ಜನ ಸತ್ತದ್ದನ್ನು ಕಂಡ ಆಡಳಿತ, ಊರಿಗೆ ನೀರು ಬೇಕೆಂದು ಈ ಕೆಲಸಕ್ಕೆ ಕೈಹಾಕಿತು. ಸರ್ಕಾರದ ಗಂಧದ ಕೋಠಿ ಹತ್ತಿರವೇ ಇದ್ದದ್ದರಿಂದ ಜನ ಇದನ್ನು ಗಂಧದಕೋಟಿ ಕೆರೆ ಎಂದೂ ಕರೆಯುತ್ತಿದ್ದರು. ಎಷ್ಟು ಚೆಂದದ ಹೆಸರು! ಕರ್ನಲ್ ಸಾಹೇಬರ ಹೆಸರು ಉಳಿಯಿತು, ಗಂಧ ಹೋಯಿತು.

ಸುಮಾರು 37 ಎಕರೆಯ ಈ ಕೆರೆ ನಿಜಕ್ಕೂ ಚೆಲುವಾಗಿದೆ. ಸುತ್ತ ಮರಗಳ ನೆರಳು, ಗುಡಿಸಿದ ಹಾದಿ, ನೀರಿನ ಮೇಲೆ ಬೆಳಗಿನ ಬಿಸಿಲು. ಕೈಬೀಸಿ ನಡೆಯುವ ನಿವೃತ್ತರು, ಕಿವಿಗೆ ತಂತಿ ಸಿಕ್ಕಿಸಿಕೊಂಡ ಹುಡುಗಿಯರು, ಸೀರೆಯ ಕೆಳಗೆ ಬೂಟು ಹಾಕಿಕೊಂಡ ನಮ್ಮ ವಯಸ್ಸಿನವರು. ಮೊದಲ ದಿನ ನನಗೂ ಹಿಗ್ಗೇ ಹಿಗ್ಗು. ಎರಡನೆಯ ದಿನ ಒಂದು ವಿಷಯ ತಟ್ಟಿತು. ಇಲ್ಲಿ ಎಲ್ಲರೂ ಕೆರೆಯ ಸುತ್ತ ಇದ್ದಾರೆ, ಕೆರೆಯ ಹತ್ತಿರ ಯಾರೂ ಇಲ್ಲ. ಹಾದಿ, ಹಾದಿಯ ಪಕ್ಕ ಕಂಬಿ, ಕಂಬಿಯ ಆಚೆ ಇಳಿಜಾರು, ಆಮೇಲೆ ನೀರು. ಪ್ರದಕ್ಷಿಣೆ ಹಾಕಬಹುದು, ಗರ್ಭಗುಡಿಗೆ ಪ್ರವೇಶವಿಲ್ಲ. ಗಣಪತಿಗೆ ಮಾತ್ರ ಇಲ್ಲೊಂದು ಬೇರೆ ಕಲ್ಯಾಣಿ ಕಟ್ಟಿಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಆತನಿಗೆ ಸ್ನಾನ, ಮಿಕ್ಕವರಿಗೆ ದರ್ಶನ.

ಇನ್ನು ಸುತ್ತಲಿನ ಮನೆಗಳು. ಮಲ್ಲೇಶ್ವರ ಬಡಾವಣೆ ಹುಟ್ಟಿದ್ದು 1898ರ ಪ್ಲೇಗಿನ ನಂತರ, ಇಕ್ಕಟ್ಟಿನ ಪೇಟೆ ಬಿಟ್ಟು ಜನ ಗಾಳಿ ಬೆಳಕಿಗೆ ಬರಲಿ ಎಂದು. ಅಂದಿನ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಹೆಂಚಿನ ಮಾಡು, ಕಿಟಕಿಯ ಮೇಲೆ ಮರದ ಚೂಪು ತೊಲೆ, ಮುಂದೊಂದು ಜಗಲಿ. ಜಗಲಿಯೆಂದರೆ ಅರ್ಧ ಮನೆಯದು, ಅರ್ಧ ಬೀದಿಯದು. ಅಲ್ಲಿ ಕುಳಿತು ಅವರೆಕಾಯಿ ಬಿಡಿಸುವ ಹೆಂಗಸು ಮನೆಯೊಳಗೂ ಇರುತ್ತಿದ್ದಳು, ಊರಿನೊಳಗೂ ಇರುತ್ತಿದ್ದಳು. ಅಂಥ ಮನೆಗಳು ಬಿದ್ದ ಕಡೆಯೆಲ್ಲ ಈಗ ಅಪಾರ್ಟ್‌ಮೆಂಟುಗಳು. ಕೆರೆ ಕಾಣುವ ಫ್ಲಾಟಿಗೆ ಬೆಲೆ ಬೇರೆ. ಬಣ್ಣದ ಜಾಹೀರಾತಿನಲ್ಲಿ ಬಾಲ್ಕನಿ, ಬಾಲ್ಕನಿಯಲ್ಲೊಬ್ಬ ತೆಳ್ಳನೆಯ ಹೆಂಗಸು, ಕೈಯಲ್ಲಿ ಕಾಫಿ, ಕಣ್ಣೆದುರು ಕೆರೆ. ಆದರೆ ಅದೇ ಕಟ್ಟಡ ನೆಲದ ಮಟ್ಟದಲ್ಲಿ ಕೆರೆಗೆ ತೋರಿಸುವುದು ಎತ್ತರದ ಗೋಡೆ, ಅದರ ಮೇಲೆ ಚುಚ್ಚುವ ತಂತಿ, ಪಕ್ಕದಲ್ಲಿ ಜನರೇಟರು. ಕೆರೆಯ ಕಡೆಗೆ ಒಂದು ಬಾಗಿಲಿಲ್ಲ. ಕಣ್ಣನ್ನು ಕಳಿಸಿ, ಕಾಲನ್ನು ಕಟ್ಟಿಹಾಕುವ ಕಟ್ಟಡಕ್ಕೆ ಎಷ್ಟು ಗಾಜು ಹಾಕಿದರೇನು?

ಬೇಲಿಯನ್ನು ಸುಮ್ಮನೆ ಬೈದರೆ ಅನ್ಯಾಯವಾಗುತ್ತದೆ. ಬೇಲಿಯಿಲ್ಲದ ಕೆರೆಗಳ ಗತಿ ಏನಾಯಿತು ನೋಡಿ. ಮೆಜೆಸ್ಟಿಕ್ಕಿನಲ್ಲಿ ನಾವು ನೀವು ಬಸ್ಸು ಹುಡುಕಿ ಓಡಾಡುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಆಟೋಟ ನಡೆಯುವ ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ಕರಗದ ಶಾಸ್ತ್ರಕ್ಕೆ ನೀರು ಬೇಕಲ್ಲ, ಅದಕ್ಕೆಂದು ಅಲ್ಲೊಂದು ಪುಟ್ಟ ಕುಂಟೆಯನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಕೆರೆಗಳನ್ನು ಒಡೆಯಬಾರದು, ಉಳಿಸಿಕೊಳ್ಳಬೇಕು ಎಂದು ಲಕ್ಷ್ಮಣ ರಾವ್ ಸಮಿತಿ 1986ರಷ್ಟು ಹಿಂದೆಯೇ ವರದಿ ಕೊಟ್ಟಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ನಮ್ಮ ಬೇಲಿಗಳು ಹಾಗೆ ಬಂದವು. ಬಂದವಲ್ಲ, ಅಷ್ಟಾದರೂ ಪುಣ್ಯ. ಸ್ಯಾಂಕಿ ಕೆರೆಯ ಪಕ್ಕದ ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುವ ಯೋಜನೆ ಬಂದಾಗ, 2023ರಲ್ಲಿ, ಬೀದಿಗಿಳಿದು ಬೇಡವೆಂದವರು ಸುತ್ತಲಿನ ನಿವಾಸಿಗಳು, ಶಾಲೆಯ ಮಕ್ಕಳು. ದಿನವೂ ನಡೆದ ಕಾಲುಗಳಿಗೆ ಹಾದಿಯ ಮೇಲೆ ಮಮತೆ ಬಂದಿತ್ತು. ಅದನ್ನು ಒಪ್ಪಲೇಬೇಕು.

ಆದರೂ ನನ್ನ ಮನಸ್ಸಿನ ಮುಳ್ಳು ಹೋಗಲಿಲ್ಲ. ಅದು ಏನೆಂದು ಗೊತ್ತಾದದ್ದು ಐದನೆಯ ದಿನ, ಅದೇ ಮಲ್ಲೇಶ್ವರದ ನಂದಿ ತೀರ್ಥದಲ್ಲಿ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರು ಮಣ್ಣಿನಲ್ಲಿ ಹೂತಿದ್ದ ಈ ಗುಡಿ 1997ರಲ್ಲಿ ಅಗೆದಾಗ ಹೊರಗೆ ಬಂತು. ಮೇಲೆ ನಂದಿ, ಅದರ ಬಾಯಿಂದ ಬೀಳುವ ನೀರು ಕೆಳಗಿನ ಲಿಂಗದ ಮೇಲೆ, ಅಲ್ಲಿಂದ ಮುಂದಿನ ಕಲ್ಯಾಣಿಗೆ. ನಡುವೆ ನೀರು, ಸುತ್ತ ಕಲ್ಲಿನ ಮೆಟ್ಟಿಲು, ಅದರಾಚೆ ಕಂಬಗಳ ನೆರಳು. ದೊಡ್ಡ ಕೆರೆಯ ಮುಂದೆ ಇದು ಒಂದು ಬೊಗಸೆ. ಆದರೆ ಅಲ್ಲಿ ಹೆಂಗಸರು ಕುಳಿತಿದ್ದರು! ಒಬ್ಬಾಕೆ ತರಕಾರಿಯ ಚೀಲ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದ್ದಳು. ಇಬ್ಬರು ಮೆಲ್ಲಗೆ ಅತ್ತೆಯ ವಿಷಯವೋ ಸೊಸೆಯ ವಿಷಯವೋ ಮಾತಾಡುತ್ತಿದ್ದರು. ಬಾಣಂತನ ಮುಗಿಸಿ ಬಂದಂತಿದ್ದ ಒಬ್ಬ ಹುಡುಗಿ ಮಗುವಿಗೆ ಮೀನು ತೋರಿಸುತ್ತಿದ್ದಳು. ಯಾರೂ ಯಾರನ್ನೂ "ಯಾಕಮ್ಮ ಕೂತಿದ್ದೀಯ" ಎಂದು ಕೇಳಲಿಲ್ಲ.

ಆಗ ಹೊಳೆಯಿತು. ಮೆಟ್ಟಿಲು ಎಂದರೆ ಇಳಿಯುವುದಕ್ಕೆ ಮಾತ್ರವಲ್ಲ, ಕೂರುವುದಕ್ಕೂ ಅದೇ. ಒಂದೇ ಕಲ್ಲು ದಾರಿಯೂ ಹೌದು, ಆಸನವೂ ಹೌದು. ಕೆಳಗೆ ಮಗು, ಮೇಲೆ ಅಜ್ಜಿ, ನಡುವೆ ನಾವು; ನೀರು ಎಷ್ಟಕ್ಕೆ ಏರಿದರೂ ಇಳಿದರೂ ಯಾವುದೋ ಒಂದು ಮೆಟ್ಟಿಲು ಅದರ ಅಂಚಿನಲ್ಲೇ ಇರುತ್ತದೆ. ನಡೆಯುವ ಹಾದಿಯಲ್ಲಿ ಈ ಗುಣವಿಲ್ಲ. ಅದು "ಮುಂದೆ ಹೋಗು, ಮುಂದೆ ಹೋಗು" ಎನ್ನುತ್ತಲೇ ಇರುತ್ತದೆ. ಮನೆಯಲ್ಲಿ ಕೇಳಿದ್ದು ಸಾಲದೆಂದು ಇಲ್ಲಿಯೂ ಅದನ್ನೇ ಕೇಳಬೇಕು.

ಹಿಂದಿನ ಕಾಲವೆಲ್ಲ ಬಂಗಾರ ಎಂದು ನಾನು ಹೇಳುತ್ತಿಲ್ಲ. ನಮ್ಮ ಅಜ್ಜಿ ಕೆರೆಯ ಮೆಟ್ಟಿಲಲ್ಲಿ ಹಾಸಿಗೆ ಬಟ್ಟೆ ಒಗೆದು ಒಗೆದು ಬೆನ್ನು ಬಗ್ಗಿಸಿಕೊಂಡವರು. ಮನೆಗೆ ನಲ್ಲಿ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಯಾವ ಮೆಟ್ಟಿಲಲ್ಲಿ ಯಾರು ಇಳಿಯಬೇಕು, ಯಾರು ಮುಟ್ಟಬಾರದು ಎಂಬ ಕಟ್ಟಳೆಗಳೂ ಇದ್ದವು. ಅವು ಹೋಗಲಿ, ಹೋಗಲೇಬೇಕು. ಆದರೆ ಆ ಮೆಟ್ಟಿಲಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ನೀರಿನ ಬಣ್ಣ ತಿರುಗಿದ್ದು, ವಾಸನೆ ಬಂದದ್ದು, ತೂಬಿನ ಹತ್ತಿರ ಕಸ ಕಟ್ಟಿದ್ದು ಊರಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ಹೆಂಗಸರಿಗೆ. ಸಂಜೆಯೊಳಗೆ ಸುದ್ದಿ ಮನೆಮನೆಗೆ ಮುಟ್ಟುತ್ತಿತ್ತು. ಸಂಬಳವಿಲ್ಲದ ನೀರಿನ ಇನ್‌ಸ್ಪೆಕ್ಟರುಗಳು ನಾವು! ಕಂಬಿಯ ಆಚೆಯಿಂದ ನೋಡಿದರೆ ಕೊಳಚೆಯೂ ಬೆಳದಿಂಗಳಲ್ಲಿ ಹೊಳೆಯುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು, 2017ರಲ್ಲಿ ಕೆರೆಗೇ ಬೆಂಕಿ ಬಿತ್ತು. ಅಕ್ಕಪಕ್ಕದಲ್ಲಿ ಸಾವಿರಾರು ಬಾಲ್ಕನಿಗಳಿದ್ದವು. ಮಳೆನೀರು ತರಬೇಕಾದ ರಾಜಕಾಲುವೆಗಳು ಊರಿನ ಕೊಳಚೆ ತಂದವು. ಆ ನೀರನ್ನು ಮುಟ್ಟುವ ಕೈ ಇರಲಿಲ್ಲ, ಆದ್ದರಿಂದ ಕೇಳುವ ಬಾಯಿಯೂ ತಡವಾಗಿ ಎದ್ದಿತು.

ಬೆಂಗಳೂರಿನ ಪಾಡು ನಮಗೇಕೆ ಎನ್ನಬೇಡಿ. ಅಲ್ಲಿ ಇಂದು ಹೊಲಿದ ಅಂಗಿಯನ್ನು ನಾಳೆ ನಮ್ಮ ಊರುಗಳಿಗೆ ತೊಡಿಸುತ್ತಾರೆ. ಅಳತೆಯನ್ನೂ ಕೇಳುವುದಿಲ್ಲ. ನಮ್ಮ ಊರಿನ ಕೆರೆಯೂ ಕೆಲವು ವರ್ಷಗಳ ಹಿಂದೆ "ಅಭಿವೃದ್ಧಿ" ಹೊಂದಿತು. ಹಳೆಯ ಕಲ್ಲಿನ ಸೋಪಾನವನ್ನು ಮಣ್ಣು ತುಂಬಿ ಮುಚ್ಚಿ ಅದರ ಮೇಲೆ ಬಣ್ಣದ ಇಟ್ಟಿಗೆ ಹಾಸಿದರು. ದೀಪ ಬಂತು, ಕಾರಂಜಿ ಬಂತು, ಆರು ತಿಂಗಳಲ್ಲಿ ಕಾರಂಜಿ ಕೆಟ್ಟಿತು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನಾವು ಮೂವರು ಶಿಕ್ಷಕಿಯರು ಡಬ್ಬಿ ಹಿಡಿದು, ಕೆರೆಯ ದಂಡೆಯಲ್ಲಿ ಕುಳಿತು ಉಣ್ಣೋಣವೆಂದು ಹೋದೆವು. ಗೇಟಿಗೆ ಬೀಗ. ಬೆಳಿಗ್ಗೆ ಒಂಬತ್ತರವರೆಗೆ, ಸಂಜೆ ನಾಲ್ಕರ ಮೇಲೆ ಎಂದು ಬೋರ್ಡು.

"ವಾಕಿಂಗ್ ಟೈಮ್ ಮುಗೀತು ಮೇಡಂ" ಎಂದ ಕಾವಲುಗಾರ.

"ನಾವು ವಾಕಿಂಗಿಗೆ ಬಂದಿಲ್ಲಪ್ಪ, ಕೂತ್ಕೊಳ್ಳೋದಕ್ಕೆ ಬಂದಿದ್ದೀವಿ. ಅದಕ್ಕೆ ಟೈಮ್ ಯಾವುದು?"

ಪಾಪ, ಅವನು ಬೋರ್ಡನ್ನು ಮತ್ತೊಮ್ಮೆ ಓದಿ ನೋಡಿದ. ಅದಕ್ಕೆ ಟೈಮ್ ಬರೆದಿರಲಿಲ್ಲ.

ಆ ವೇಳಾಪಟ್ಟಿಯನ್ನು ಹಾಕಿದವರು ಯಾರ ದಿನಚರಿ ನೋಡಿ ಹಾಕಿದರೋ! ಬೆಳಿಗ್ಗೆ ಆರರಿಂದ ಒಂಬತ್ತು ನಮಗೆ ಇಡ್ಲಿ, ಡಬ್ಬಿ, ನೀರು, ಮಕ್ಕಳ ಸಾಕ್ಸು. ಸಂಜೆ ಮತ್ತೆ ಕಾಫಿ, ಹೋಂವರ್ಕು, ರಾತ್ರಿಯ ಅಡುಗೆ. ಮನೆವಾರ್ತೆಯ ಹೆಂಗಸಿಗೆ ಒಂದು ಉಸಿರು ಸಿಗುವುದು ಹನ್ನೊಂದರಿಂದ ಮೂರರ ನಡುವೆ. ಸರಿಯಾಗಿ ಆ ಹೊತ್ತಿಗೆ ಕೆರೆ ಮುಚ್ಚಿರುತ್ತದೆ. ಬೇಕೆಂದೇ ಮಾಡಿದ್ದಲ್ಲ, ನನಗೆ ಗೊತ್ತು. ನಮ್ಮ ನೆನಪಾಗಲಿಲ್ಲ, ಅಷ್ಟೇ.

ಈ ವರ್ಷ ಎಂಟನೆಯ ತರಗತಿಗೆ 'ಕೆರೆಗೆ ಹಾರ'ದ ಕಥೆ ಹೇಳಿದೆ. ಕಟ್ಟಿಸಿದ ಕೆರೆಗೆ ನೀರು ಬಾರದಾಗ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡುವ ಜನಪದ ಹಾಡಿನ ಕಥೆ ನಿಮಗೆ ಗೊತ್ತೇ ಇದೆ. ಅವಳು ಮೆಟ್ಟಿಲು ಏರುತ್ತ ಬಂದಂತೆ ನೀರೂ ಏರುತ್ತ ಬರುತ್ತದೆ. ತರಗತಿ ನಿಶ್ಶಬ್ದವಾಗಿತ್ತು. ಆಗ ಬೀಗ ಬರೆದಿದ್ದಳಲ್ಲ, ಅದೇ ಹುಡುಗಿ ಎದ್ದು ನಿಂತು, "ಮಿಸ್, ಆವಾಗ ಕಂಬಿ ಹಾಕಿದ್ದಿದ್ರೆ ಅವಳು ಬದುಕ್ತಿದ್ದಳು ಅಲ್ವಾ?" ಎಂದು ಕೇಳಿದಳು.

ಇಪ್ಪತ್ತೈದು ವರ್ಷ ಪಾಠ ಹೇಳಿದವಳಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮಗು ಹೇಳಿದ್ದರಲ್ಲಿ ಸುಳ್ಳೇನಿದೆ? ಕೆರೆಗೆ ಬಿದ್ದು ಸತ್ತ ಹೆಣ್ಣುಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ: "ಅವಳನ್ನು ಕೊಂದದ್ದು ಮೆಟ್ಟಿಲಲ್ಲ ಮರಿ. ಮಾವ ಜೋಯಿಸರನ್ನು ಕೇಳಿದ, ಮನೆಯವರೆಲ್ಲ ಸೇರಿ ನಿರ್ಧಾರ ಮಾಡಿದರು. ಅವಳೊಬ್ಬಳನ್ನು ಯಾರೂ ಕೇಳಲಿಲ್ಲ."

ಕೆರೆಯ ವಿಷಯದಲ್ಲಿ ನಮ್ಮನ್ನು ಕೇಳದಿರುವ ಪದ್ಧತಿ ಎಷ್ಟು ಹಳೆಯದೆಂದು ಆಗ ನನಗೇ ಹೊಳೆಯಿತು. ಅಂದು ಕೇಳದೆ ಒಳಗೆ ಹಾಕಿದರು, ಇಂದು ಕೇಳದೆ ಹೊರಗೆ ನಿಲ್ಲಿಸಿದ್ದಾರೆ.

ಆದ್ದರಿಂದ, ನಿಮ್ಮ ಊರಿನ ಕೆರೆಗೂ ಒಂದು ದಿನ ನಕ್ಷೆ ಬರುತ್ತದೆ. ಬಂದಾಗ ಪುರಸಭೆಗೆ ಹೋಗಿ ಒಮ್ಮೆ ನೋಡಿ. ಬೇಲಿ ಬೇಡವೆನ್ನಬೇಡಿ, ಇರಲಿ. ಕೊಳಚೆಯ ಕಾಲುವೆ ಎಲ್ಲಿ ತಿರುಗುತ್ತದೆ ಎಂದು ಮೊದಲು ಕೇಳಿ. ಆಮೇಲೆ ಬೇಲಿಯೊಳಗೆ ಒಂದು ಕಡೆ ನಾಲ್ಕೇ ನಾಲ್ಕು ಅಗಲದ ಮೆಟ್ಟಿಲು, ಅದರ ಮೇಲೊಂದು ನೆರಳು, ಚಿಲಕ ಬೀಳುವ ಒಂದು ಶೌಚಾಲಯ, ಮಧ್ಯಾಹ್ನ ತೆರೆದಿರುವ ಗೇಟು, ಇಷ್ಟು ಕೇಳಿ. ಕಾರಂಜಿಗೆ ಇಟ್ಟ ಹಣದಲ್ಲಿ ಇವೆಲ್ಲ ಆಗಿ ಸ್ವಲ್ಪ ಚಿಲ್ಲರೆಯೂ ಉಳಿದೀತು.

ಒಬ್ಬರೇ ಹೋಗಲು ಸಂಕೋಚವಾದರೆ ಮೂವರು ಸೇರಿ ಹೋಗಿ. ಡಬ್ಬಿಯನ್ನೂ ತೆಗೆದುಕೊಂಡು ಹೋಗಿ. ಅಲ್ಲಿಯೂ ಬಹಳ ಹೊತ್ತು ಕೂರಿಸುತ್ತಾರೆ.